ರನ್ನನ ಅಡ್ರೆಸ್ಸು, ಗೊಂಕನ ಕಲ್ಲು ಮತ್ತು ಅಪ್ಪ

ಹಳಗನ್ನಡದ ಕವಿಗಳಲ್ಲಿ ತನ್ನ ಮನೆಯ ವಿಷಯವನ್ನು ರನ್ನನಷ್ಟು ವಿವರವಾಗಿ ಬರೆದಿಟ್ಟವರು ಕಡಿಮೆ. ಅಪ್ಪ ಜಿನವಲ್ಲಭ, ಅವ್ವ ಅಬ್ಬಲಬ್ಬೆ. ಅಣ್ಣಂದಿರು ದೃಢಬಾಹು, ರೇಚಣ, ಮಾರಯ್ಯ. ಹೆಂಡಂದಿರು ಜಕ್ಕಿ ಮತ್ತು ಶಾಂತಿ. ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ. ಹುಟ್ಟಿದ್ದು ಸೌಮ್ಯ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. 949. ಕುಲ ಬಳೆಗಾರರದು. ಊರು? ಅದನ್ನೂ ಬಿಡಲಿಲ್ಲ ಪುಣ್ಯಾತ್ಮ. ಬೆಳುಗಲಿ ಐನೂರು, ಅದರೊಳಗಿನ ಜಂಬುಖಂಡಿ ಎಪ್ಪತ್ತು, ಅದರೊಳಗಿನ ಮುದುವೊಳಲು. ಪಿನ್ ಕೋಡ್ ಒಂದು ಬಿಟ್ಟು ಬೇರೆಲ್ಲ ಇದೆ ನೋಡಿ :-)

ಈ ಅಡ್ರೆಸ್ಸಿನಿಂದಾಗಿ ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಒಂದು ಜಗಳ ನಡೆದಿದೆ. ನಮ್ಮವ್ವನ ತವರು ಮುಧೋಳ. ಅಪ್ಪನ ಊರು ಅಲ್ಲೇ ಪಕ್ಕದ ಬೆಳಗಲಿ, ಈಗ ಸರ್ಕಾರಿ ಕಾಗದದಲ್ಲೂ ‘ರನ್ನಬೆಳಗಲಿ’. "ನಿಮ್ಮೂರಿಗೆ ರನ್ನನ ಹೆಸರು ಇಟಗೊಂಡೀರಿ ಖರೆ, ಹುಟ್ಟಿದ್ದು ನಮ್ಮೂರಾಗ" ಅಂತ ಅವ್ವ. "ನಿಮ್ಮೂರು ಆವಾಗ ನಮ್ಮೂರಿನ ಕೈಕೆಳಗಿತ್ತು, ಅದನ್ನೂ ಅವನ ಬರದಾನ, ಓದು" ಅಂತ ಅಪ್ಪ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ ಆಗಿ ನಿವೃತ್ತರಾದವರು, ಕೊನೆಯ ಮಾತು ತಮ್ಮದೇ ಆಗಬೇಕು ಅನ್ನುವ ಚಟ ಇನ್ನೂ ಹೋಗಿಲ್ಲ. ನಾನು ಇಬ್ಬರ ನಡುವೆ ಸುಮ್ಮನೆ ಊಟ ಮಾಡುತ್ತಾ ಬೆಳೆದವನು.

ಹಾಗೆ ನೋಡಿದರೆ ಇಬ್ಬರದೂ ಸರಿ. ಆ ಕಾಲದಲ್ಲಿ ನಾಡನ್ನು ಹೀಗೆ ಸಂಖ್ಯೆ ಹಚ್ಚಿ ಹೆಸರಿಸುತ್ತಿದ್ದರು. ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪಟ್ಟದಕಲ್ಲಿನ ಸುತ್ತಲಿನ ಕಿಸುಕಾಡು ಎಪ್ಪತ್ತು, ಸವದತ್ತಿಯ ರಟ್ಟರು ಆಳಿದ ಕುಂಡಿ ಮೂರು ಸಾಸಿರ. ಆ ಸಂಖ್ಯೆ ಹಳ್ಳಿಗಳದೋ, ಹುಟ್ಟುವಳಿಯದೋ ಎಂದು ವಿದ್ವಾಂಸರು ಬಹಳ ಕಾಲ ವಾದ ಮಾಡಿದ್ದಾರೆ. ಎಪ್ಪತ್ತು, ಹನ್ನೆರಡು ಇಂಥ ಚಿಕ್ಕ ಸಂಖ್ಯೆ ಬಂದಲ್ಲಿ ಹಳ್ಳಿಗಳೆಂದೇ ತಿಳಿಯುವುದು ಸಲೀಸು. ನನ್ನಂಥ ಕಂಪ್ಯೂಟರ್ ಕೂಲಿಗೆ ಇದು ಫೋಲ್ಡರ್ ಒಳಗಿನ ಫೋಲ್ಡರ್ ತರಹ ಕಾಣುತ್ತದೆ. ಬೆಳುಗಲಿ ಎಂಬ ದೊಡ್ಡ ಫೋಲ್ಡರ್, ಅದರೊಳಗೆ ಜಂಬುಖಂಡಿ, ಅದರೊಳಗೆ ಮುದುವೊಳಲು. ಇವತ್ತು ಆ ಕ್ರಮ ಪೂರಾ ತಿರುವುಮುರುವು. ಒಳಗಿದ್ದ ಮುಧೋಳ ಮತ್ತು ಜಮಖಂಡಿ ತಾಲೂಕಾ ಊರುಗಳು, ಮೇಲೆ ಕೂತಿದ್ದ ಬೆಳಗಲಿ ಮುಧೋಳ ತಾಲೂಕಿನ ಒಂದು ಪಟ್ಟಣ ಪಂಚಾಯಿತಿ. ಅಪ್ಪನ ಸಂಕಟ ಇದೇ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ‘ಪೊಳಲ್’ ಅಂದರೆ ಪಟ್ಟಣ. ಪಟ್ಟದಕಲ್ಲಿನ ಹಳೆ ಹೆಸರು ಕಿಸುವೊಳಲ್, ಕೆಂಪು ಊರು. ಹಾಗೇ ಮುದುವೊಳಲ್ ಅಂದರೆ ಮುದಿ ಊರು, ಹಳೆಯ ಪಟ್ಟಣ. ಗಮನಿಸಿ, ರನ್ನ ಹುಟ್ಟುವಾಗಲೇ ಅದಕ್ಕೆ ‘ಹಳೇ ಊರು’ ಎಂದು ಹೆಸರು ಬಿದ್ದಾಗಿತ್ತು! ಸಾವಿರ ವರ್ಷದ ಹಿಂದಿನ ಜನಕ್ಕೂ ಹಳೆಯದಾಗಿ ಕಂಡದ್ದು ಏನಿತ್ತು ಅಲ್ಲಿ? ಯಾವ ಗೋಡೆ, ಯಾವ ಹಾಳು ಗುಡಿ?

ಕಳೆದ ಮೇ ತಿಂಗಳಲ್ಲಿ ರಜೆ ಹಾಕಿ ಬನಹಟ್ಟಿಯ ಮನೆಗೆ ಹೋದಾಗ ಅಪ್ಪ ತಾವಾಗಿಯೇ "ಒಂದೆರಡು ದಿನ ಗಾಡಿ ತಗೊಂಡು ಅಡ್ಡ್ಯಾಡಿ ಬರೂಣು" ಅಂದರು. ಬಾದಾಮಿ, ಐಹೊಳೆ ಅಂತ ನಾನು ಅಂದುಕೊಂಡೆ. ಅಪ್ಪ ಅಂದದ್ದು ಬೇರೆ. "ಬಾದಾಮಿಗೆ ಎಲ್ಲಾರೂ ಹೋಗತಾರ. ನಮ್ಮ ನಾಕು ಊರಾಗ ಏನೇನ ಉಳದೈತಿ ನೋಡೂಣು ಬಾ." ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ. ಉತ್ತರಕ್ಕೆ ಕೃಷ್ಣೆ, ಇತ್ತ ಘಟಪ್ರಭೆ, ನಡುವಿನ ಈ ನೆಲ. ಕಬ್ಬು, ಮಗ್ಗ ಮತ್ತು ಸಕ್ಕರೆ ಕಾರ್ಖಾನೆಯ ಸೀಮೆ. ಪ್ರವಾಸಿ ಪುಸ್ತಕಗಳು ಬಾದಾಮಿಯಿಂದ ನೇರವಾಗಿ ವಿಜಾಪುರಕ್ಕೆ ಹಾರುವಾಗ ಕೆಳಗೆ ಕಾಣುವ ಜಾಗ ಇದು.

ಮುಧೋಳದಲ್ಲಿ ರನ್ನನ ಕಾಲದ್ದು ಎಂದು ಬೊಟ್ಟು ಮಾಡಿ ತೋರಿಸಲು ಏನೂ ಇಲ್ಲ. ಊರಿಗೆ ಈಗ ಹೆಸರು ಬಂದಿರುವುದು ನಾಯಿಯಿಂದ. ಇಂಟರ್ನೆಟ್ಟಿನಲ್ಲಿ ಮುಧೋಳ ಅಂತ ಹುಡುಕಿ ನೋಡಿ, ಮೊದಲು ಸಿಗುವುದು ಸಣ್ಣ ಹೊಟ್ಟೆ, ಉದ್ದ ಮೂತಿಯ ಬೇಟೆನಾಯಿ. ಇಲ್ಲಿಯ ಘೋರ್ಪಡೆ ಅರಸರು ಸಾಕಿ ಬೆಳೆಸಿದ ತಳಿ, ರಾಜಾ ಮಾಲೋಜಿರಾವ್ ಘೋರ್ಪಡೆ ಅದನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ಕತೆ. 2005ರಲ್ಲಿ ಅದರ ಅಂಚೆಚೀಟಿ ಕೂಡ ಬಂತು. ‘ಘೋರ್ಪಡೆ’ ಅಂದರೆ ಉಡ. ಕೋಟೆಯ ಗೋಡೆಗೆ ಉಡ ಕಚ್ಚಿಸಿ ಹಗ್ಗ ಹಿಡಿದು ಹತ್ತಿದವರು ಎಂಬ ಕತೆಯಿಂದ ಬಂದ ಅಡ್ಡಹೆಸರು. ನಾಯಿ, ಉಡ ಎರಡೂ ಸೇರಿ ಕವಿಚಕ್ರವರ್ತಿಯನ್ನು ಹಿಂದಕ್ಕೆ ತಳ್ಳಿಬಿಟ್ಟಿವೆ ಅಂತ ಅಪ್ಪನಿಗೆ ಸಿಟ್ಟು. ನನಗೇನೋ ನಾಯಿಯೂ ಇಷ್ಟ.

ಅಪ್ಪ ಪೇಟೆಯಲ್ಲಿ ಗಾಡಿ ನಿಲ್ಲಿಸಿಸಿ ಅವ್ವನಿಗೆ ಒಂದು ಡಜನ್ ಹಸಿರು ಬಳೆ ಕೊಂಡರು. ಯಾಕೆ ಅಂತ ಕೇಳಿದೆ. "ಊರಾಗ ರನ್ನಂದು ಅಂತ ಉಳದಿದ್ದು ಇದೊಂದ ಉದ್ಯೋಗ ನೋಡು" ಅಂದರು. ಬಳೆಗಾರನ ಮಗ ದಕ್ಷಿಣಕ್ಕೆ ಅಷ್ಟು ದೂರ ಹೋಗಿ, ಗಂಗರ ಮಂತ್ರಿ ಚಾವುಂಡರಾಯನ ಆಶ್ರಯ ಪಡೆದು, ಅಜಿತಸೇನಾಚಾರ್ಯರ ಹತ್ತಿರ ಓದಿ, ಮರಳಿ ಬಂದು ಚಾಲುಕ್ಯ ತೈಲಪನಿಂದ ‘ಕವಿಚಕ್ರವರ್ತಿ’ ಅನ್ನಿಸಿಕೊಂಡು, ಅವನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ಗದಾಯುದ್ಧ ಬರೆದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೆತ್ತಿದ ಅಕ್ಷರಗಳಿವೆ, ಅದು ರನ್ನನದೇ ಕೈಬರಹ ಎಂದು ನಂಬುವವರಿದ್ದಾರೆ. ನಿಜವಾಗಿದ್ದರೆ ಹುಟ್ಟಿದೂರಿನಲ್ಲಿ ಒಂದಕ್ಷರವೂ ಉಳಿಯದವನ ಸಹಿ ನಾನೂರು ಕಿಲೋಮೀಟರಿಗಿಂತ ಹೆಚ್ಚು ದೂರದ ಬೆಟ್ಟದಲ್ಲಿ ಉಳಿದಿದೆ. ಪ್ರವಾಸಿ ಸ್ಥಳದ ಕಲ್ಲಿನ ಮೇಲೆ ಹೆಸರು ಕೆತ್ತುವ ಚಟ ನಮಗೆ ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ!

ಇದಕ್ಕಿಂತ ಕಾಡುವ ಮಾತು ಇನ್ನೊಂದಿದೆ. ರನ್ನನ ಎರಡು ಕಾವ್ಯಗಳು, ಪರಶುರಾಮಚರಿತ ಮತ್ತು ಚಕ್ರೇಶ್ವರಚರಿತ, ಸಿಕ್ಕಿಯೇ ಇಲ್ಲ. ಹೆಸರಷ್ಟೇ ಉಳಿದಿವೆ. 993ರಲ್ಲಿ ಮುಗಿದ ಅಜಿತಪುರಾಣ ಉಳಿಯಿತು, ಅದನ್ನು ಬರೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ನಾಶವಾದೀತೆಂದು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಅವಳೇ. ಓಲೆಗರಿಯ ಸಾವಿರ ಪ್ರತಿ ಅಂದರೆ ಎಷ್ಟು ಜನ ಲಿಪಿಕಾರರು, ಎಷ್ಟು ಕಂಠ, ಎಷ್ಟು ತಿಂಗಳ ಕೆಲಸ ಅಂತ ಊಹಿಸಿ. ನಮ್ಮ ಆಫೀಸಿನಲ್ಲಿ ಬ್ಯಾಕಪ್ ತೆಗೆದಿಡಿ ಅಂತ ತಿಂಗಳಿಗೊಂದು ಮೇಲ್ ಬರುತ್ತದೆ, ಯಾರೂ ಓದುವುದಿಲ್ಲ. ಹತ್ತನೇ ಶತಮಾನದ ಹೆಣ್ಣುಮಗಳೊಬ್ಬಳಿಗೆ ಅದು ತಾನಾಗಿಯೇ ಹೊಳೆದಿತ್ತು. ರನ್ನ ಮಗಳಿಗೆ ಅವಳ ಹೆಸರಿಟ್ಟದ್ದು, ಮಗನಿಗೆ ಚಾವುಂಡರಾಯನ ನೆನಪಿಗೆ ರಾಯ ಎಂದಿಟ್ಟದ್ದು ಬರೀ ಮುಖಸ್ತುತಿ ಅಂತ ನನಗೆ ಅನ್ನಿಸುವುದಿಲ್ಲ.

ಮುಧೋಳ ತಾಲೂಕಿನಲ್ಲೇ ಹಲಗಲಿ ಇದೆ. ಹತ್ತನೇ ಇಯತ್ತೆಯ ಕನ್ನಡ ಪಠ್ಯದಲ್ಲಿ ‘ಹಲಗಲಿ ಬೇಡರು’ ಲಾವಣಿ ಓದಿದವರಿಗೆ ಊರಿನ ಹೆಸರು ಗೊತ್ತು. 1857ರಲ್ಲಿ ಕಂಪನಿ ಸರ್ಕಾರ ಪರವಾನಗಿ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳಬಾರದು ಎಂದು ಕಾಯದೆ ತಂದಿತು. ಬೇಟೆಯೇ ಬದುಕಾಗಿದ್ದ ಬೇಡರು ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಸಿಕ್ಕವರಲ್ಲಿ 19 ಜನರಿಗೆ ಗಲ್ಲು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲೇ 6 ಜನ. ಸುಟ್ಟ ಊರಿನ ಮೇಲೆ ಊರು ಮತ್ತೆ ಎದ್ದಿದೆ, ಆದ್ದರಿಂದ ನೋಡಲು ‘ಹಾಳು’ ಅನ್ನುವುದು ಏನಿಲ್ಲ. ಅಪ್ಪ ಗಾಡಿಯಲ್ಲಿ ಕೂತೇ ಲಾವಣಿಯನ್ನು ಅರ್ಧ ಹಾಡಿದರು, ಅರ್ಧ ಮಾತಿನಲ್ಲಿ ಹೇಳಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಅದರಲ್ಲೇ ಉಳಿದಿವೆ. ಯುದ್ಧದ ಹಾಡು ಅದು, ಆದರೆ ದಂಡಿನವರು ಮನೆಮನೆ ಹೊಕ್ಕು ಏನೇನು ಹೊತ್ತೊಯ್ದರು ಎಂದು ಅಡುಗೆಮನೆಯ ಸಣ್ಣಪುಟ್ಟ ಸಾಮಾನಿನವರೆಗೆ ಪಟ್ಟಿ ಕೊಡುತ್ತದೆ. ಆ ಪಟ್ಟಿ ಬಂದಲ್ಲಿ ಅಪ್ಪನ ದನಿ ಸಣ್ಣದಾಯಿತು. "ಖೂನಿ ಆದದ್ದಕ್ಕಿಂತ ಇದ ಹೆಚ್ಚು ಚುಚ್ಚತೈತಿ ನೋಡು" ಅಂದರು.

ಈ ಲಾವಣಿಯನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವನು ಒಬ್ಬ ಇಂಗ್ಲಿಷ್ ಅಧಿಕಾರಿ, ಜಾನ್ ಫೇಯ್ತ್‌ಫುಲ್ ಫ್ಲೀಟ್. ಮುಂಬಯಿ ಇಲಾಖೆಯ ಸಿವಿಲ್ ಸರ್ವಿಸಿನವನು, ಮುಂದೆ ಭಾರತ ಸರ್ಕಾರದ ಮೊದಲ ಶಾಸನತಜ್ಞನಾದವನು. ಗಲ್ಲಿಗೆ ಹಾಕಿದ ಸರ್ಕಾರದ ಸಂಬಳ ತಿನ್ನುತ್ತಲೇ ಗಲ್ಲಿಗೇರಿದವರ ಹಾಡನ್ನು ಬರೆದುಕೊಂಡ. ಅದೇ ಮನುಷ್ಯ, ಅದೇ 1880ರ ದಶಕದಲ್ಲಿ, ಅದೇ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ನಮ್ಮ ಮನೆಯ ಹತ್ತಿರದ ಇನ್ನೊಂದು ವಸ್ತುವನ್ನೂ ಪ್ರಕಟಿಸಿದ್ದ. ಮರುದಿನ ನಾವು ಹೊರಟದ್ದು ಅದನ್ನು ನೋಡಲು.

ತೇರದಾಳ ಬನಹಟ್ಟಿಯಿಂದ ಬಹಳ ದೂರವೇನಲ್ಲ. ಅಲ್ಲಿಯ ಅಲ್ಲಮಪ್ರಭು ಗುಡಿಗೆ ನಾವು ಎಷ್ಟು ಸಲ ಹೋಗಿಲ್ಲ! ಅದೇ ಊರಿನ ನೇಮಿನಾಥ ಬಸದಿಗೆ ಅಪ್ಪ ಒಮ್ಮೆಯೂ ಹೋಗಿರಲಿಲ್ಲ. "ಜೈನರ ಗುಡಿ ಅಂತ ಬಿಟ್ಟಿದ್ದಿರೇನು?" ಅಂದೆ. "ಛೆ, ಹಂಗೇನಿಲ್ಲ. ದಾರಿ ಮ್ಯಾಲಿನ ಗುಡಿ, ನಾಳೆ ನೋಡಿದ್ರಾತು ಅಂತ ಇರತೈತಿ" ಅಂದರು. ಇದಕ್ಕೆ ನಿಮ್ಮೂರಿನಲ್ಲೂ ಉದಾಹರಣೆ ಸಿಕ್ಕೀತು.

ಈ ಬಸದಿಯ ಶಾಸನ ಕ್ರಿ.ಶ. 1123ರ ಸುಮಾರಿನದು. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ. ಅವನ ಕೆಳಗೆ ಸವದತ್ತಿಯ ರಟ್ಟರ ಕಾರ್ತವೀರ್ಯ, ರಟ್ಟರ ಕುಂಡಿ ಮೂರು ಸಾಸಿರದೊಳಗೆ ತೇರಿದಾಳ, ಅದರ ಒಡೆಯ ಮಂಡಲಿಕ ಗೊಂಕ. ಈ ಗೊಂಕ ತನ್ನ ಊರಿನಲ್ಲಿ ನೇಮಿನಾಥನಿಗೆ ಬಸದಿ ಕಟ್ಟಿಸಿ ದಾನ ಬಿಟ್ಟ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರೂ ಅದರಲ್ಲಿ ಬರುತ್ತದೆ. ಈಗ ಕೊಲ್ಹಾಪುರ ಮಹಾರಾಷ್ಟ್ರ, ತೇರದಾಳ ಕರ್ನಾಟಕ. ಆಗ ಅಲ್ಲಿಯ ಗುರು ಇಲ್ಲಿಯ ಮಂಡಲಿಕ, ನಡುವೆ ಚೆಕ್‌ಪೋಸ್ಟ್ ಇರಲಿಲ್ಲ, ಬೋರ್ಡಿಗೆ ಮಸಿ ಬಳಿಯುವವರೂ ಇರಲಿಲ್ಲ. ಗೊಂಕನ ಕಾಲದ ಭಾಗ ಮುಗಿದ ಮೇಲೆ 1180ರ ದಶಕದಲ್ಲಿ ಮತ್ತೆ ಸೇರಿಸಿದ ದಾನಗಳೂ ಇವೆ. ಒಂದೇ ಕಲ್ಲಿಗೆ ಅರವತ್ತು ವರ್ಷದ ಅಂತರದಲ್ಲಿ ಹೊಸ ನಮೂದು. ಅಷ್ಟೊತ್ತಿಗೆ ಗೊಂಕ ಸತ್ತು ಮಣ್ಣಾಗಿರಬೇಕು, ಆದರೆ ಕಡತ ಚಾಲ್ತಿಯಲ್ಲಿತ್ತು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘವೂ ಇಲ್ಲಿ ಕಾಣಿಸಿಕೊಳ್ಳುತ್ತದೆ. ಅಯ್ಯಾವೊಳೆ ಅಂದರೆ ನಮ್ಮ ಐಹೊಳೆ. ದಕ್ಷಿಣ ಭಾರತದ ಉದ್ದಕ್ಕೂ, ಸಮುದ್ರದಾಚೆಗೂ ವ್ಯಾಪಾರ ಮಾಡಿದ ಸಂಘ. ಪ್ರವಾಸಿಗಳಿಗೆ ಐಹೊಳೆ ಅಂದರೆ ಗುಡಿಗಳ ಹಾಳು, ಹನ್ನೆರಡನೇ ಶತಮಾನದ ತೇರದಾಳದವರಿಗೆ ಅದು ಮಾರುಕಟ್ಟೆಯ ದೊಡ್ಡ ಹೆಸರು.

ಅಪ್ಪ ಚಾಳೀಸು ಹಾಕಿಕೊಂಡು ಶಾಸನದ ಮುಂದೆ ಕೂತರು. ಹನ್ನೆರಡನೇ ಶತಮಾನದ ಕನ್ನಡ ಲಿಪಿ ಮೊದಲ ನೋಟಕ್ಕೆ ಹೆದರಿಸುತ್ತದೆ. ತಾಳ್ಮೆಯಿಂದ ನೋಡಿದರೆ ‘ಗ’ ಸಿಗುತ್ತದೆ, ‘ನ’ ಸಿಗುತ್ತದೆ, ‘ಶ್ರೀ’ಯಂತೂ ದೂರದಿಂದಲೇ ಕೈ ಮಾಡುತ್ತದೆ. ‘ಮ’ ಮತ್ತು ‘ವ’ ಮಾತ್ರ ಅವಳಿ ಮಕ್ಕಳ ಹಾಗೆ ಕಾಡಿಸುತ್ತವೆ. ಮೂವತ್ತೈದು ವರ್ಷ ಒಂದನೇ ಇಯತ್ತೆಯ ಮಕ್ಕಳ ವಕ್ರ ಅಕ್ಷರ ಓದಿದ ಮನುಷ್ಯ, ನನಗಿಂತ ಬೇಗ ಹಿಡಿದರು. ಮೊಬೈಲ್ ಬೆಳಕನ್ನು ಕಲ್ಲಿಗೆ ಎದುರಾಗಿ ಹಿಡಿದರೆ ಏನೂ ಕಾಣುವುದಿಲ್ಲ, ಬದಿಯಿಂದ ಓರೆಯಾಗಿ ಹಿಡಿಯಬೇಕು, ಆಗ ಅಕ್ಷರದ ಗುಳಿಗಳಲ್ಲಿ ನೆರಳು ನಿಂತು ಸಾಲು ಎದ್ದು ಬರುತ್ತದೆ. (ನೀವು ಹೋದಾಗ ದಯವಿಟ್ಟು ಸುಣ್ಣ, ಸೀಮೆಸುಣ್ಣ, ಎಣ್ಣೆ ಏನೂ ಬಳಿಯಬೇಡಿ. ಬೆಳಕು ಸಾಕು.) ಒಂದು ಸಾಲಿನಲ್ಲಿ ನಾಲ್ಕು ಅಕ್ಷರ, ಇನ್ನೊಂದರಲ್ಲಿ ಎರಡು. ಅರ್ಧ ತಾಸಾದ ಮೇಲೆ ಅಪ್ಪ ಒಂದು ಕಡೆ ಬೆರಳು ತೋರಿಸಿ, ಮುಟ್ಟದೆ, "ಗೊಂ... ಇದು ಗೊಂಕ ನೋಡು!" ಅಂದರು. ಒಂಬೈನೂರು ವರ್ಷದ ಹಿಂದಿನ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗ ‘ಎಸ್ ಸರ್’ ಅಂದಂತಾಯಿತು.

ಇಂಥ ದಾನಶಾಸನಗಳ ಕೊನೆಗೆ ಒಂದು ಶಾಪ ಇರುತ್ತದೆ, ಬಹಳ ಜನಕ್ಕೆ ಗೊತ್ತು. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಧಾಟಿಯದು. ಸಾಫ್ಟ್‌ವೇರಿನ ಲೈಸೆನ್ಸ್ ಕರಾರು ಬರೆಯುವ ವಕೀಲರಿಗೆ ಇದನ್ನು ತೋರಿಸಬೇಕು. ಅಪ್ಪ ಮಾತ್ರ ನಗಲಿಲ್ಲ. "ಕಿತಗೊಂಡವರಿಗೆ ಹುಳಾ. ಮತ್ತ ನೀರಾಗ ಮುಣಗಿಸಿದವರಿಗೆ ಏನಂತ ಬರದಾರ?" ಅಂದರು. ಎರಡು ದಿನ ಯಾಕೆ ಅಡ್ಡಾಡುತ್ತಿದ್ದೇವೆ ಅಂತ ನನಗೆ ಆಗ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು.

ಜಮಖಂಡಿಯನ್ನು ಬೇಗ ಮುಗಿಸುತ್ತೇನೆ. ಪಟವರ್ಧನ ಅರಸರ ರಾಮತೀರ್ಥ ಗುಡ್ಡ, ಅದರ ಮೇಲಿನ ಅರಮನೆ ನೋಡಲು ಚೆಂದ. 1948ರಲ್ಲಿ ಭಾರತಕ್ಕೆ ಸೇರಿದ ಸಂಸ್ಥಾನ, ಕೊನೆಯ ಅರಸ ಶಂಕರರಾವ್ ಪಟವರ್ಧನರನ್ನು ಈಗಲೂ ಹಿರಿಯರು ಪ್ರೀತಿಯಿಂದ ನೆನೆಯುತ್ತಾರೆ. ಆದರೆ ಇದೆಲ್ಲ ಇತ್ತೀಚಿನದು, ಜಂಬುಖಂಡಿ ಎಪ್ಪತ್ತರ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಅಪ್ಪ ಅಲ್ಲಿ ಕೆಳಗಿಳಿಯಲೇ ಇಲ್ಲ, ಬಿಸಿಲು ಅಂದರು. ಬದಲಿಗೆ ಚಿಕ್ಕಪಡಸಲಗಿಯ ಬ್ಯಾರೇಜ್ ವಿಷಯ ಹೇಳಿದರು. ಸರ್ಕಾರಕ್ಕೆ ಕಾದು ಸಾಕಾಗಿ ರೈತರೇ ವಂತಿಗೆ ಹಾಕಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ‘ಶ್ರಮಬಿಂದು ಸಾಗರ’. ಅದರ ಮುಂದಾಳು ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. "ಅದು ನಾವು ಕಟ್ಟಿದ ನೀರು. ಮುಂದ ಬಂದಿದ್ದು ನಮ್ಮನ್ನ ಎಬ್ಬಿಸಿದ ನೀರು" ಎಂದು ಅಪ್ಪ ಮುಗಿಸಿದರು.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಎತ್ತರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 2000ದಲ್ಲಿ 519.6 ಮೀಟರ್ ಎಂದು ತೀರ್ಪಾಯಿತು. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. ಪೇಪರಿನಲ್ಲಿ ಇವು ಬರೀ ಅಂಕಿ. ಕೃಷ್ಣೆ ಮತ್ತು ಘಟಪ್ರಭೆಯ ನಡುವೆ ಸಿಕ್ಕಿಕೊಂಡಿರುವ ಬೀಳಗಿ ತಾಲೂಕಿನಲ್ಲಿ ಪ್ರತಿ ಮೀಟರಿಗೂ ಊರುಗಳ ಹೆಸರಿವೆ. ಬಾಗಲಕೋಟೆಯಂಥ ಪಟ್ಟಣದ ಅರ್ಧವೇ ನವನಗರಕ್ಕೆ ಎದ್ದು ಹೋಯಿತು. ನಮ್ಮ ಕಡೆ ‘ಮುಳುಗಡೆ’ ಅನ್ನುವುದು ಕ್ರಿಯಾಪದವಲ್ಲ, ಒಂದು ಜಾತಿಯ ಹೆಸರಿದ್ದಂತೆ. "ಅವರು ಮುಳುಗಡೆಯವರು" ಅಂದರೆ ಸಾಕು, ಎಲ್ಲ ಅರ್ಥವಾಗುತ್ತದೆ.

ಅಪ್ಪನ ಮೊದಲ ನೌಕರಿ ಬೀಳಗಿ ತಾಲೂಕಿನ ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಇಪ್ಪತ್ತೆರಡರ ವಯಸ್ಸು, ಎರಡು ಖೋಲಿಯ ಶಾಲೆ, ಹನ್ನೊಂದು ವರ್ಷ ಅಲ್ಲೇ. ಊರು ಈಗ ಹಿನ್ನೀರಿನ ಕೆಳಗಿದೆ, ಜನ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಮಳೆಗಾಲದಿಂದ ಚಳಿಗಾಲದವರೆಗೆ ಅಲ್ಲಿ ನೀರು ಬಿಟ್ಟರೆ ಬೇರೇನಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ತಗ್ಗಿನ ಊರುಗಳು ಒಂದೊಂದಾಗಿ ಮೇಲೆ ಬರುತ್ತವೆ. ಅಪ್ಪ ಮೇ ತಿಂಗಳನ್ನೇ ಆರಿಸಿದ್ದು ಅದಕ್ಕೆ.

ನಾವು ನಿಂತಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅಡಿಪಾಯದ ಕಲ್ಲುಗಳ ಸಾಲು, ಮಣ್ಣು ತುಂಬಿದ ಹಗೇವು, ಅರ್ಧ ಹುಗಿದ ಒರಳು. ಚಾವಣಿ ಇಲ್ಲದ ಒಂದು ಸಣ್ಣ ಹನಮಪ್ಪನ ಗುಡಿ, ದೇವರನ್ನು ಹೊಸ ಊರಿಗೆ ಒಯ್ದಿದ್ದರಿಂದ ಒಳಗೆ ಖಾಲಿ. ಪಟ್ಟದಕಲ್ಲಿನಲ್ಲಿ ಹಾಳು ಗೋಡೆಯ ಮುಂದೆ ನಿಂತಾಗ ಕಲ್ಪನೆ ಮಾಡಿಕೊಳ್ಳಬೇಕು. ಇಲ್ಲಿ ಪಕ್ಕದಲ್ಲೇ ನಿಂತವರು ಹೇಳುತ್ತಿದ್ದರು. ಇದು ಗೌಡರ ಪಡಸಾಲಿ. ಇಲ್ಲಿ ಕಂಬಾರ ಸಾಲಿ. ಇದು ನೀರು ತರುವ ಓಣಿ. ಶಾಲೆಯ ಜಾಗ ಹುಡುಕಲು ಅಪ್ಪ ಬಾವಿಯಿಂದ ಹೆಜ್ಜೆ ಎಣಿಸುತ್ತಾ ಹೊರಟರು. ನೂರಾ ನಾಲ್ಕನೇ ಹೆಜ್ಜೆಗೆ ನಿಂತರು. ಕಟ್ಟೆಯ ಎರಡು ಕಲ್ಲು ಇದ್ದವು, ಅಷ್ಟೇ.

ದೊಡ್ಡ ಹೆಸರಿನ ಕಲ್ಲುಗಳಿಗೆ ಇಂಥ ನೀರಿನಲ್ಲೂ ದಾರಿ ಆಗುತ್ತದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ದುಂಡಗೆ ಬಾವಿಯಂತೆ ಗೋಡೆ ಎತ್ತಿ ಹಿನ್ನೀರಿನ ನಡುವೆಯೂ ಉಳಿಸಿಕೊಂಡಿದ್ದಾರೆ, ಮೆಟ್ಟಿಲಿಳಿದು ಹೋಗಿ ನೋಡಬಹುದು. ಕೃಷ್ಣೆಯ ಗುಂಟ ಕೆಳಗೆ ಹೋದರೆ, ಶ್ರೀಶೈಲ ಜಲಾಶಯಕ್ಕೆ ಸಿಕ್ಕ ಕೂಡವೆಲ್ಲಿಯ ಚಾಲುಕ್ಯರ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಜೋಡಿಸಿದರು. ಒಳ್ಳೆಯ ಕೆಲಸ, ನನಗೆ ತಕರಾರಿಲ್ಲ. ಅಪ್ಪನ ಎರಡು ಖೋಲಿಯ ಶಾಲೆಗೆ ಯಾರೂ ನಂಬರ್ ಹಾಕಿ ಕಲ್ಲು ಬಿಚ್ಚಬೇಕಾಗಿರಲಿಲ್ಲ ಅನ್ನುವುದೂ ನಿಜ. ಆದರೆ ಆ ಹಳ್ಳಿ ಮತ್ತೆ ಎಲ್ಲಾದರೂ ಬರವಣಿಗೆಯಲ್ಲಿ ಸಿಗುತ್ತದೆಯೇ ಅಂತ ಕೇಳಿದರೆ, ಭೂಸ್ವಾಧೀನದ ಕಡತದಲ್ಲಿ ಸರ್ವೇ ನಂಬರ್ ಆಗಿ ಸಿಗುತ್ತದೆ. ಸರ್ವೇ ನಂಬರಿನಲ್ಲಿ ಯಾರ ಅವ್ವನ ಹೆಸರೂ ಇರುವುದಿಲ್ಲ. ರನ್ನ ಅಬ್ಬಲಬ್ಬೆಯ ಹೆಸರನ್ನು ಯಾಕೆ ಬರೆದ ಅನ್ನುವುದು ಆ ಕೆಸರಿನಲ್ಲಿ ನಿಂತಾಗ ನನಗೆ ಹೊಸದಾಗಿ ಅರ್ಥವಾಯಿತು.

ಅಪ್ಪ ಗಾಡಿಯ ಹಿಂದಿನ ಸೀಟಿನಿಂದ ತಮ್ಮ ಚೀಲ ತರಿಸಿದರು. ಅದರಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಓಣಿವಾರು ಮನೆಗಳು, ಪ್ರತಿ ಮನೆಯ ಯಜಮಾನ, ಯಜಮಾನಿ, ಶಾಲೆಗೆ ಬಂದ ಮಕ್ಕಳು, ಅವರು ಯಾವ ಇಯತ್ತೆಗೆ ಶಾಲೆ ಬಿಟ್ಟರು, ಈಗ ಎಲ್ಲಿದ್ದಾರೆ. ಒಂದು ವರ್ಷದಿಂದ ಬರೆಯುತ್ತಿದ್ದಾರಂತೆ, ಅವ್ವನಿಗೆ ಮಾತ್ರ ಗೊತ್ತಿತ್ತು. ಒಟ್ಟು 86 ಮನೆ ಎಂದು ಲೆಕ್ಕ, 79 ತುಂಬಿವೆ. ನೆಲದ ಮೇಲೆ ನಿಂತರೆ ಉಳಿದ ಏಳು ನೆನಪಾದಾವು ಎಂಬ ಆಸೆಯಿಂದ ಬಂದಿದ್ದರು. ಹೆಗಲ ಮೇಲಿನ ಟವೆಲ್ ತಲೆಗೆ ಸುತ್ತಿಕೊಂಡು ಬಿಸಿಲಿನಲ್ಲಿ ಒಂದೂವರೆ ತಾಸು ಓಡಾಡಿ, ಅಡಿಪಾಯದ ಮೇಲೆ ನಿಂತು, ತಿರುಗಿ, ಯೋಚಿಸಿ ಐದು ಮನೆ ಬರೆಸಿದರು. ಅವರು ಹೇಳಿದರು, ನಾನು ಬರೆದೆ. ನನ್ನ ಅಕ್ಷರ ನೋಡಿ "ಇಂಜಿನಿಯರ್ ಆಗಿ ಕೈಬರಹ ಕೆಡಿಸಿಕೊಂಡಿ" ಅಂತ ಬೈದರು.

ಈಗ ಬೆಂಗಳೂರಿಗೆ ಮರಳಿದ ಮೇಲೆ ದಿನಾ ರಾತ್ರಿ ಊಟವಾದ ಮೇಲೆ ಎರಡು ಪುಟ ಯುನಿಕೋಡಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಮುಗಿದ ಮೇಲೆ ಹತ್ತಾರು ಕಡೆ ಪ್ರತಿ ಇಡುವ ವಿಚಾರವಿದೆ, ಅತ್ತಿಮಬ್ಬೆಯ ಸಾವಿರಕ್ಕೆ ಹೋಲಿಸಿದರೆ ಜುಜುಬಿ. ಆ ಮನೆಗಳವರು ಒಪ್ಪುವವರೆಗೆ ಹೊರಗೆ ಹಾಕಬಾರದು ಎಂದು ಅಪ್ಪನ ಕಟ್ಟಪ್ಪಣೆ, ಹಾಗಾಗಿ ಇಲ್ಲಿ ಊರಿನ ಹೆಸರನ್ನೂ ಬರೆದಿಲ್ಲ. ನಿಮ್ಮಲ್ಲಿ ಯಾರಾದರೂ ಮುಳುಗಡೆಯ ಊರಿನವರಿದ್ದರೆ, ಆಲಮಟ್ಟಿಯದಿರಲಿ, ಲಿಂಗನಮಕ್ಕಿಯದಿರಲಿ, ನಿಮ್ಮ ಮನೆಯ ಹಿರಿಯರ ಹತ್ತಿರ ಇಂಥ ನೋಟ್‌ಬುಕ್ಕು ಇದೆಯೇ ಕೇಳಿ ನೋಡಿ, ಇದ್ದರೆ ಹೇಗೆ ಜೋಡಿಸಿದ್ದೀರಿ ತಿಳಿಸಿ. ನಾನು ಓಣಿ, ಮನೆ, ಮನುಷ್ಯ ಎಂದು ಮೂರು ಟೇಬಲ್ ಮಾಡಿದ್ದೇನೆ, ಮದುವೆಯಾಗಿ ಬೇರೆ ಓಣಿಗೆ ಹೋದ ಹೆಣ್ಣುಮಕ್ಕಳನ್ನು ಎಲ್ಲಿಡಬೇಕು ಅನ್ನುವಲ್ಲಿ ತಲೆ ಕೆಡುತ್ತಿದೆ.

ಇನ್ನೂ ಎರಡು ಮನೆ ಬಾಕಿ. ಒಂದು ಹರಳಯ್ಯನ ಕಟ್ಟೆಯ ಹಿಂದಿನದು, ಇನ್ನೊಂದು ಬೇವಿನ ಗಿಡದ ಬಗಲಿಂದು. ಪುನರ್ವಸತಿ ಕೇಂದ್ರದಲ್ಲಿರುವ ತೊಂಬತ್ತರ ಅಜ್ಜಿಯೊಬ್ಬರಿಗೆ ಗೊತ್ತಿರಬಹುದಂತೆ. ಅಪ್ಪ ಬರುವ ಸೋಮವಾರ ಬಸ್ಸಿನಲ್ಲಿ ಬೀಳಗಿಗೆ ಹೋಗುತ್ತಿದ್ದಾರೆ.